ಜ್ವರ ಬಿಟ್ಟ ಮೇಲೆ ದೇಹವೇ ತಿರುಗಿಬಿದ್ದರೆ: ಓದುಗರ ಪ್ರಶ್ನೆಗಳಿಗೆ ಉತ್ತರ

ವೈರಲ್ ಜ್ವರದ ಬಗ್ಗೆ ಕಳೆದ ಸಲ ಬರೆದ ಮೇಲೆ ಬಂದ ಪತ್ರಗಳಲ್ಲಿ ತುಂಬಾ ಜನ ಕೇಳಿದ್ದು ಒಂದೇ ವಿಷಯ. ಜ್ವರ ವಾಸಿಯಾದ ಮೇಲೆ ಶುರುವಾಗುವ ಆಟೋಇಮ್ಯೂನ್ ಕಾಯಿಲೆಗಳು, ಅಂದರೆ ರೋಗನಿರೋಧಕ ವ್ಯವಸ್ಥೆ ನಮ್ಮ ದೇಹದ ಮೇಲೆಯೇ ಎರಗುವ ಕಾಯಿಲೆಗಳು. ಪತ್ರಗಳನ್ನು ಚಿಕ್ಕದು ಮಾಡಿ, ಹೆಸರು ಬಿಟ್ಟು ಇಲ್ಲಿ ಕೊಟ್ಟಿದ್ದೇನೆ.

ಪ್ರಶ್ನೆ: ನನ್ನ ತಂಗಿಗೆ ಜೋರು ವೈರಲ್ ಜ್ವರ ಬಂದಿತ್ತು. ಅದು ಬಿಟ್ಟು ಎರಡು ತಿಂಗಳಾದ ಮೇಲೆ ಲೂಪಸ್ (ಚರ್ಮ, ಕೀಲು, ಮೂತ್ರಪಿಂಡದಂಥ ಹಲವು ಅಂಗಗಳಿಗೆ ಬರುವ ಆಟೋಇಮ್ಯೂನ್ ಕಾಯಿಲೆ) ಅಂತ ಗೊತ್ತಾಯಿತು. ಆ ಜ್ವರವೇ ಕಾರಣವಾ? ವೈರಸ್ ಹೋದ ಮೇಲೂ ದೇಹ ಯಾಕೆ ಹೀಗೆ ಮಾಡುತ್ತದೆ?

ಜ್ವರದ ಪಾತ್ರ ಇದ್ದಿರಬಹುದು. ಅದೊಂದೇ ಕಾರಣ ಅನ್ನಲು ಮಾತ್ರ ಆಗುವುದಿಲ್ಲ. ನಿಮ್ಮ ತಂಗಿ ಮಾಡಿದ ಯಾವುದೋ ತಪ್ಪಿನಿಂದ ಬಂದದ್ದಂತೂ ಖಂಡಿತ ಅಲ್ಲ.

ಸ್ವಂತ ದೇಹದ ಮೇಲೆ ತಿರುಗಿಬೀಳಬಲ್ಲ ಬಿಳಿ ರಕ್ತಕಣಗಳು ಆರೋಗ್ಯವಾಗಿರುವ ಎಲ್ಲರಲ್ಲೂ ಇರುತ್ತವೆ. ನಿಮ್ಮಲ್ಲೂ ಇವೆ, ನನ್ನಲ್ಲೂ ಇವೆ. ಎದೆಮೂಳೆಯ ಹಿಂದೆ ಥೈಮಸ್ ಅನ್ನುವ ಗ್ರಂಥಿ ಇದೆ. ಟಿ ಕೋಶಗಳೆಂಬ ಬಿಳಿ ರಕ್ತಕಣಗಳು ಬಲಿಯುವುದು ಅಲ್ಲಿ. ದೇಹದ ಸ್ವಂತ ಪ್ರೋಟೀನ್ ಕಂಡರೆ ಕೆರಳುವ ಕೋಶಗಳಲ್ಲಿ ಹೆಚ್ಚಿನವು ಅಲ್ಲೇ ಸಾಯುತ್ತವೆ. ಆದರೂ ಕೆಲವು ತಪ್ಪಿಸಿಕೊಂಡು ರಕ್ತ ಸೇರುತ್ತವೆ. ಅವು ತಂಟೆ ಮಾಡದಂತೆ ನೋಡಿಕೊಳ್ಳಲು ರೆಗ್ಯುಲೇಟರಿ ಟಿ ಕೋಶಗಳು ಅಂತ ಬೇರೆಯೇ ಒಂದು ಗುಂಪು ಇದೆ. ಇಂಥ ಕೋಶಗಳಿವೆ ಅಂತ ಜಪಾನಿನ ಶಿಮೋನ್ ಸಕಾಗುಚಿ 1995ರಲ್ಲಿ ತೋರಿಸಿಕೊಟ್ಟರು. ಅವುಗಳಿಗೆ ಬೇಕಾದ ಜೀನ್ ಪತ್ತೆ ಮಾಡಿದವರು ಅಮೆರಿಕದ ಮೇರಿ ಬ್ರಂಕೋ ಮತ್ತು ಫ್ರೆಡ್ ರಾಮ್ಸ್‌ಡೆಲ್. 2025ರ ವೈದ್ಯಕೀಯ ನೊಬೆಲ್ ಈ ಮೂವರಿಗೆ ಬಂತು.

ಈ ಏರ್ಪಾಡನ್ನು ವೈರಸ್ ಕೆಡಿಸುವ ದಾರಿ ಒಂದೇ ಅಲ್ಲ. ಹೆಚ್ಚು ಚರ್ಚೆಯಾಗಿರುವುದು ಹೋಲಿಕೆಯ ಗೊಂದಲ. ವೈರಸ್‌ನ ಪ್ರೋಟೀನಿನ ಒಂದು ತುಂಡು ನಮ್ಮದೇ ಯಾವುದೋ ಪ್ರೋಟೀನಿನ ತುಂಡಿನ ಹಾಗೆ ಇದ್ದುಬಿಡುತ್ತದೆ. ಕೆಂಪಂಗಿ ಕಳ್ಳನನ್ನು ಹಿಡಿಯಲು ಹೊರಟ ಪೊಲೀಸರು ಕೆಂಪಂಗಿ ತೊಟ್ಟ ಮನೆಯವನನ್ನೇ ಎಳೆದುಕೊಂಡು ಹೋದ ಹಾಗೆ, ವೈರಸ್‌ಗೆಂದು ತಯಾರಾದ ಆಂಟಿಬಾಡಿ (ರೋಗಾಣುವಿಗೆ ಅಂಟಿಕೊಂಡು ಅದನ್ನು ಎದುರಿಸುವ ಪ್ರೋಟೀನ್) ನಮ್ಮ ಅಂಗಕ್ಕೂ ಅಂಟಿಕೊಳ್ಳುತ್ತದೆ. 1985ರಲ್ಲಿ ಫುಜಿನಾಮಿ ಮತ್ತು ಓಲ್ಡ್‌ಸ್ಟೋನ್ ಎಂಬ ವಿಜ್ಞಾನಿಗಳು ಹೆಪಟೈಟಿಸ್ ಬಿ ವೈರಸ್‌ನ ಪ್ರೋಟೀನಿನ ಚಿಕ್ಕ ತುಂಡೊಂದನ್ನು ಮೊಲಗಳಿಗೆ ಚುಚ್ಚಿದರು. ಆ ತುಂಡು ನರಗಳ ಹೊದಿಕೆಯ ಪ್ರೋಟೀನನ್ನು ಹೋಲುತ್ತಿತ್ತು. ಜೀವಂತ ವೈರಸ್ ಅಲ್ಲಿ ಇರಲೇ ಇಲ್ಲ. ಆದರೂ ಕೆಲವು ಮೊಲಗಳ ಮೆದುಳು, ನರಮಂಡಲದಲ್ಲಿ ಉರಿಯೂತ ಕಾಣಿಸಿತು.

ಹೋಲಿಕೆ ಇಲ್ಲದೆಯೂ ಅನಾಹುತ ಆಗಬಹುದು. ವೈರಸ್ ಹೊಕ್ಕ ಜಾಗದಲ್ಲಿ ಉರಿಯೂತದ ರಾಸಾಯನಿಕಗಳು ಸುರಿಯುತ್ತವೆ, ಆ ಗದ್ದಲದಲ್ಲಿ ಅಷ್ಟು ದಿನ ತೆಪ್ಪಗಿದ್ದ ತಂಟೆಕೋರ ಕೋಶಗಳಿಗೂ ಎಚ್ಚರವಾಗುತ್ತದೆ. ಕೋಶಗಳು ಒಡೆದಾಗ ಒಳಗಿದ್ದ ಪ್ರೋಟೀನ್‌ಗಳು ಹೊರಗೆ ಚೆಲ್ಲುತ್ತವೆ. ರೋಗನಿರೋಧಕ ವ್ಯವಸ್ಥೆ ಅವುಗಳನ್ನು ಅಷ್ಟು ಪ್ರಮಾಣದಲ್ಲಿ ನೋಡಿಯೇ ಇರುವುದಿಲ್ಲ. ಅವುಗಳ ವಿರುದ್ಧವೂ ಆಂಟಿಬಾಡಿ ಹುಟ್ಟುತ್ತದೆ, ಅದರಿಂದ ಮತ್ತಷ್ಟು ಕೋಶ ಒಡೆಯುತ್ತದೆ, ಮತ್ತಷ್ಟು ಪ್ರೋಟೀನ್ ಹೊರಬರುತ್ತದೆ. ವೈರಸ್ ಹೋದ ಮೇಲೂ ಕಾಯಿಲೆ ನಿಲ್ಲದಿರುವುದಕ್ಕೆ ಇದು ಒಂದು ಮುಖ್ಯ ಕಾರಣ.

ಇನ್ನು ನಿಮ್ಮ ತಂಗಿಯ ವಿಷಯ. ಅಮೆರಿಕದ ಸೈನ್ಯ ಕೂಡಿಟ್ಟಿದ್ದ ಹಳೆಯ ರಕ್ತದ ಮಾದರಿಗಳನ್ನು ಪರೀಕ್ಷಿಸಿದ ಒಂದು ಅಧ್ಯಯನ 2003ರಲ್ಲಿ ಪ್ರಕಟವಾಯಿತು. ಲೂಪಸ್ ಬಂದ 130 ಜನರಲ್ಲಿ 115 ಜನರ ರಕ್ತದಲ್ಲಿ, ಕಾಯಿಲೆ ಪತ್ತೆಯಾಗುವ ಮೊದಲೇ ಸ್ವಂತ ದೇಹದ ವಿರುದ್ಧದ ಆಂಟಿಬಾಡಿಗಳಿದ್ದವು. ಸರಾಸರಿ 3 ವರ್ಷಕ್ಕೂ ಮೊದಲು! ಹಾಗಾಗಿ ಎರಡು ತಿಂಗಳ ಹಿಂದಿನ ಜ್ವರ ಕಾಯಿಲೆಯನ್ನು ಹೊಸದಾಗಿ ಹುಟ್ಟಿಸಿತು ಅನ್ನುವುದಕ್ಕಿಂತ, ಒಳಗೇ ಇದ್ದದ್ದನ್ನು ಹೊರಗೆ ತಂದಿತು ಅನ್ನುವುದೇ ಹೆಚ್ಚು ಸಂಭವ. ಇನ್ನೊಂದು ಸಾಧ್ಯತೆಯೂ ಇದೆ. ಅದು ವೈರಲ್ ಜ್ವರವೇ ಆಗಿರದೆ, ಲೂಪಸ್‌ನ ಮೊದಲ ಜ್ವರವೇ ಆಗಿದ್ದಿರಬಹುದು.

ಪ್ರಶ್ನೆ: ಮಲ್ಟಿಪಲ್ ಸ್ಕ್ಲೆರೋಸಿಸ್‌ಗೆ (ಎಂಎಸ್, ಮೆದುಳು, ಬೆನ್ನುಹುರಿಯ ನರಗಳ ಹೊದಿಕೆ ಕೆಡುವ ಕಾಯಿಲೆ) ಒಂದು ಸಾಮಾನ್ಯ ವೈರಸ್ ಕಾರಣ ಅಂತ ಓದಿ ಗಾಬರಿಯಾಯಿತು. ಕಾಲೇಜಿನಲ್ಲಿದ್ದಾಗ ನನಗೆ ಆ ವೈರಸ್‌ನ ಜ್ವರ ಬಂದು ಕುತ್ತಿಗೆಯ ಗ್ರಂಥಿಗಳು ಊದಿಕೊಂಡಿದ್ದವು. ನನಗೂ ಎಂಎಸ್ ಬರುತ್ತಾ?

ಬರುವ ಸಾಧ್ಯತೆ ತೀರಾ ಕಡಿಮೆ. ನೀವು ಓದಿದ್ದು ಸುಳ್ಳಲ್ಲ, ಆದರೆ ಅರ್ಧ ಮಾತ್ರ.

ಆ ವೈರಸ್ ಎಪ್‌ಸ್ಟೀನ್ ಬಾರ್, ಚುಟುಕಾಗಿ ಇಬಿವಿ. 1964ರಲ್ಲಿ ಪತ್ತೆಯಾದದ್ದು. ಜಗತ್ತಿನ ವಯಸ್ಕರಲ್ಲಿ 100ಕ್ಕೆ 90ಕ್ಕೂ ಹೆಚ್ಚು ಜನರ ಮೈಯಲ್ಲಿ ಇದು ಇದೆ. ಎಷ್ಟೋ ಜನರಿಗೆ ಚಿಕ್ಕ ವಯಸ್ಸಿನಲ್ಲೇ ಬಂದಿರುತ್ತದೆ, ಬಂದದ್ದೂ ಗೊತ್ತಾಗಿರುವುದಿಲ್ಲ. ಒಮ್ಮೆ ಹೊಕ್ಕರೆ ಹೋಗುವುದಿಲ್ಲ. ಆಂಟಿಬಾಡಿ ತಯಾರಿಸುವ ಬಿ ಕೋಶಗಳ ಒಳಗೆ ಜೀವನಪೂರ್ತಿ ಅಡಗಿ ಕೂರುತ್ತದೆ.

2022ರ ಜನವರಿಯಲ್ಲಿ ಹಾರ್ವರ್ಡ್‌ನ ಆಲ್ಬರ್ಟೊ ಆಶೆರಿಯೊ ಅವರ ತಂಡ ಒಂದು ಅಧ್ಯಯನ ಪ್ರಕಟಿಸಿತು. ನನ್ನ ಮಟ್ಟಿಗೆ ಈ ಕ್ಷೇತ್ರದ ಅತ್ಯಂತ ಗಟ್ಟಿ ಕೆಲಸಗಳಲ್ಲಿ ಅದೂ ಒಂದು. ಅಮೆರಿಕದ ಸೈನ್ಯದಲ್ಲಿ 20 ವರ್ಷಗಳಲ್ಲಿ ಕೆಲಸ ಮಾಡಿದ 1 ಕೋಟಿಗೂ ಹೆಚ್ಚು ಜನರ ದಾಖಲೆ ನೋಡಿದರು. 955 ಜನರಿಗೆ ಎಂಎಸ್ ಬಂದಿತ್ತು. ಅವರಲ್ಲಿ ಸಾಕಷ್ಟು ರಕ್ತದ ಮಾದರಿ ಸಿಕ್ಕಿದ್ದು 801 ಜನರದ್ದು. ಈ 801ರಲ್ಲಿ ಒಬ್ಬರನ್ನು ಬಿಟ್ಟು ಎಲ್ಲರಿಗೂ, ಎಂಎಸ್ ಶುರುವಾಗುವ ಮೊದಲೇ ಇಬಿವಿ ತಗುಲಿತ್ತು. ಇಬಿವಿ ತಗುಲಿದ ಮೇಲೆ ಎಂಎಸ್ ಅಪಾಯ 32 ಪಟ್ಟು ಏರಿತು. ಸುಮಾರಾಗಿ ಅದೇ ರೀತಿ ಹರಡುವ ಸೈಟೊಮೆಗಲೊ ಅನ್ನುವ ಇನ್ನೊಂದು ವೈರಸ್ ತಗುಲಿದವರಲ್ಲಿ ಅಪಾಯ ಏರಲಿಲ್ಲ. ಅಂದರೆ ಯಾವ ವೈರಸ್ ಆದರೂ ಆಗುತ್ತದೆ ಅಂತಲ್ಲ, ಇದೇ ಬೇಕು.

ಅದೇ ವರ್ಷ ಸ್ಟ್ಯಾನ್‌ಫರ್ಡ್‌ನ ತಂಡವೊಂದು ಎಂಎಸ್ ಇರುವ ಕೆಲವರಲ್ಲಿ, ಇಬಿವಿಯ ಒಂದು ಪ್ರೋಟೀನಿಗೂ ಮೆದುಳಿನ ಗ್ಲಯಲ್‌ಕ್ಯಾಮ್ ಅನ್ನುವ ಪ್ರೋಟೀನಿಗೂ ಒಂದೇ ಆಂಟಿಬಾಡಿ ಅಂಟುವುದನ್ನು ತೋರಿಸಿತು. ಮೇಲೆ ಹೇಳಿದ ಕೆಂಪಂಗಿ ಗೊಂದಲವೇ ಇದು, ಈ ಸಲ ಮೊಲದಲ್ಲಲ್ಲ, ಮನುಷ್ಯರಲ್ಲೇ ಸಿಕ್ಕಿತು.

ಈಗ ಉಳಿದರ್ಧ. ಇಬಿವಿ ಇರುವವರು ನೂರಾರು ಕೋಟಿ ಜನ. 2020ರ ಲೆಕ್ಕದಲ್ಲಿ ಜಗತ್ತಿನಾದ್ಯಂತ ಎಂಎಸ್ ಇರುವವರು ಸುಮಾರು 28 ಲಕ್ಷ. ವೈರಸ್ ಇಲ್ಲದೆ ಎಂಎಸ್ ಬರುವುದು ಬಹುತೇಕ ಇಲ್ಲ, ಆದರೆ ವೈರಸ್ ಇದ್ದ ಮಾತ್ರಕ್ಕೂ ಬರುವುದಿಲ್ಲ. ನಡುವೆ ಇನ್ನೂ ಹಲವು ಸಂಗತಿಗಳು ಕೂಡಿಬರಬೇಕು: ಕೆಲವು ಜೀನ್‌ಗಳು, ಸಿಗರೇಟ್, ವಿಟಮಿನ್ ಡಿ ಕೊರತೆ, ಹದಿಹರೆಯದ ಬೊಜ್ಜು. ನಿಮ್ಮ ಹಾಗೆ ದೊಡ್ಡವರಾದ ಮೇಲೆ ಇಬಿವಿ ಜ್ವರ ಬಂದು ಮಲಗಿದವರಲ್ಲಿ ಅಪಾಯ ಉಳಿದವರಿಗಿಂತ ಸ್ವಲ್ಪ ಜಾಸ್ತಿ ಇದೆ, ಅದನ್ನು ಮುಚ್ಚಿಡುವುದಿಲ್ಲ. ಆದರೂ ಅಂಥವರಲ್ಲಿ ಬಹುಪಾಲು ಜನರಿಗೆ ಎಂಎಸ್ ಬರುವುದೇ ಇಲ್ಲ. ಸುಮ್ನೆ ಸ್ಕ್ಯಾನ್ ಮಾಡಿಸಬೇಡಿ. ಒಂದು ಕಣ್ಣು ನೋವಿನ ಜೊತೆ ಮಂಜಾದರೆ, ಕೈಯೋ ಕಾಲೋ ದಿನಗಟ್ಟಲೆ ಜೋಮು ಹಿಡಿದಿದ್ದರೆ ಮಾತ್ರ ನರರೋಗ ತಜ್ಞರನ್ನು ನೋಡಿ. ಸಿಗರೇಟ್ ಸೇದುತ್ತಿದ್ದರೆ ಬಿಡಿ.

ಪ್ರಶ್ನೆ: ಅತ್ತೆಗೆ ರುಮಟಾಯ್ಡ್ ಆರ್ಥ್ರೈಟಿಸ್ (ಕೀಲುಗಳಿಗೆ ಬರುವ ಆಟೋಇಮ್ಯೂನ್ ಕಾಯಿಲೆ) ಇದೆ. ವೈರಸ್‌ನಿಂದ ಶುರುವಾಗುತ್ತದೆ ಅಂದರೆ ಮಕ್ಕಳಿಗೆ ಅಂಟುತ್ತಾ? ತಟ್ಟೆ, ಲೋಟ ಬೇರೆ ಇಡಬೇಕಾ?

ಬೇಡ. ವೈರಸ್ ಅಂಟಬಹುದು, ಆಟೋಇಮ್ಯೂನ್ ಕಾಯಿಲೆ ಅಂಟುವುದಿಲ್ಲ. ದಯವಿಟ್ಟು ಅವರ ತಟ್ಟೆ ಬೇರೆ ಇಡಬೇಡಿ. ನೋವಿನಲ್ಲಿರುವವರಿಗೆ ಅದಕ್ಕಿಂತ ದೊಡ್ಡ ನೋವು ಬೇರೆ ಇಲ್ಲ. ವಿಷಯ ಇರುವುದು ಉಲ್ಟಾ. ಅತ್ತೆ ತೆಗೆದುಕೊಳ್ಳುವ ಮಾತ್ರೆಗಳು ರೋಗನಿರೋಧಕ ಶಕ್ತಿಯನ್ನು ಸ್ವಲ್ಪ ತಗ್ಗಿಸುತ್ತವೆ. ಮಕ್ಕಳಿಗೆ ನೆಗಡಿ, ಜ್ವರ ಇದ್ದಾಗ ಅವರಿಂದ ಅತ್ತೆಗೆ ಹರಡದ ಹಾಗೆ ನೋಡಿಕೊಳ್ಳಿ.

ಪ್ರಶ್ನೆ: ಚಿಕೂನ್‌ಗುನ್ಯಾ ಬಂದು ಮೂರು ತಿಂಗಳಾಯಿತು, ಕೀಲು ನೋವು ಹೋಗಿಲ್ಲ. ನಾನೇ ಲ್ಯಾಬಿಗೆ ಹೋಗಿ ಎಎನ್‌ಎ ಪರೀಕ್ಷೆ ಮಾಡಿಸಿದೆ, ಪಾಸಿಟಿವ್ ಬಂತು. ಅಂತರ್ಜಾಲದಲ್ಲಿ ನೋಡಿದರೆ ಲೂಪಸ್ ಅನ್ನುತ್ತದೆ. ನಿದ್ದೆಯೇ ಬರುತ್ತಿಲ್ಲ.

ಮೊದಲು ಆ ಭಯ ಕಳೆದುಕೊಳ್ಳಿ. ಎಎನ್‌ಎ ಅಂದರೆ ನಮ್ಮದೇ ಕೋಶಗಳ ನ್ಯೂಕ್ಲಿಯಸ್ ವಿರುದ್ಧದ ಆಂಟಿಬಾಡಿ. ಅದು ಪಾಸಿಟಿವ್ ಅಂದರೆ ಲೂಪಸ್ ಅಲ್ಲ. ಯಾವ ಕಾಯಿಲೆಯೂ ಇಲ್ಲದವರಲ್ಲೂ ಇದು ಪಾಸಿಟಿವ್ ಬರುತ್ತದೆ. 1:40 ಮಟ್ಟದಲ್ಲಿ, ಅಂದರೆ ರಕ್ತದ ಸೀರಮ್ ಅನ್ನು 40 ಪಟ್ಟು ತೆಳು ಮಾಡಿ ನೋಡಿದರೆ ಆರೋಗ್ಯವಂತರಲ್ಲೇ ಸುಮಾರು 100ಕ್ಕೆ 30 ಜನರಿಗೆ, 1:160 ಮಟ್ಟದಲ್ಲಿ ಸುಮಾರು 5 ಜನರಿಗೆ. ರಿಪೋರ್ಟ್‌ನಲ್ಲಿ ಆ ಅಂಕಿ ಎಷ್ಟಿದೆ ನೋಡಿ. ಅದೂ ಅಲ್ಲದೆ ವೈರಲ್ ಸೋಂಕಿನ ನಂತರ ಎಎನ್‌ಎ, ರುಮಟಾಯ್ಡ್ ಫ್ಯಾಕ್ಟರ್ (ರುಮಟಾಯ್ಡ್ ಆರ್ಥ್ರೈಟಿಸ್‌ಗೆ ನೋಡುವ ಆಂಟಿಬಾಡಿ) ಎರಡೂ ಸ್ವಲ್ಪ ಕಾಲ ಪಾಸಿಟಿವ್ ಬಂದು ಆಮೇಲೆ ತಾನಾಗಿ ಹೋಗುವುದುಂಟು. ಲಕ್ಷಣಗಳನ್ನು ಡಾಕ್ಟರು ನೋಡಿ ಬರೆದುಕೊಟ್ಟಾಗ ಮಾತ್ರ ಈ ಪರೀಕ್ಷೆಗೆ ಅರ್ಥವಿದೆ. ನಾವೇ ಹೋಗಿ ಮಾಡಿಸಿಕೊಂಡರೆ ಉತ್ತರಕ್ಕಿಂತ ಗಾಬರಿಯೇ ಜಾಸ್ತಿ ಸಿಗುತ್ತದೆ.

ಚಿಕೂನ್‌ಗುನ್ಯಾದ ಕೀಲು ನೋವು ತಿಂಗಳುಗಟ್ಟಲೆ ಇರುವುದು ಹೊಸದಲ್ಲ. ಕೆಲವರಿಗೆ ವರ್ಷ ದಾಟುತ್ತದೆ. ಮಣಿಕಟ್ಟು, ಬೆರಳು, ಹಿಮ್ಮಡಿಯ ಮೇಲಿನ ಗೆಣ್ಣು ಎಲ್ಲ ಊದಿಕೊಂಡು, ನೋಡಲು ಥೇಟ್ ರುಮಟಾಯ್ಡ್ ಆರ್ಥ್ರೈಟಿಸ್ ಹಾಗೆಯೇ ಕಾಣುತ್ತದೆ. ಪಾರ್ವೊವೈರಸ್ ಬಿ19 ಅನ್ನುವ ಇನ್ನೊಂದು ವೈರಸ್ ಕೂಡ, ಮುಖ್ಯವಾಗಿ ಹೆಂಗಸರಲ್ಲಿ, ಇದನ್ನೇ ಮಾಡುತ್ತದೆ. ಹೆಚ್ಚಿನವರಲ್ಲಿ ನಿಧಾನವಾಗಿ ಇಳಿಯುತ್ತದೆ.

ಹಾಗಂತ ಕಾದು ಕೂರಿ ಅನ್ನುತ್ತಿಲ್ಲ. ಮೂರು ತಿಂಗಳಾಗಿದೆ, ಒಮ್ಮೆ ರುಮಟಾಲಜಿಸ್ಟ್‌ಗೆ, ಅಂದರೆ ಕೀಲು ಮತ್ತು ಆಟೋಇಮ್ಯೂನ್ ಕಾಯಿಲೆಗಳ ತಜ್ಞರಿಗೆ ತೋರಿಸಿ. ಬೆಳಿಗ್ಗೆ ಎದ್ದಾಗ ಬೆರಳು ಬಿಗಿದುಕೊಂಡು ಒಂದು ಗಂಟೆಯಾದರೂ ಸಡಿಲಾಗುವುದಿಲ್ಲವಾ, ಕೀಲು ಬರೀ ನೋಯುತ್ತಿದೆಯಾ ಅಥವಾ ಊದಿಕೊಂಡಿದೆಯಾ, ಬಿಸಿಲಿಗೆ ಹೋದರೆ ಕೆನ್ನೆ ಮೇಲೆ ಕೆಂಪು ಗುಳ್ಳೆ ಏಳುತ್ತದಾ, ಬಾಯಿಹುಣ್ಣು ಪದೇ ಪದೇ ಬರುತ್ತದಾ, ಮೂತ್ರದಲ್ಲಿ ನೊರೆ ಜಾಸ್ತಿಯಾಗಿದೆಯಾ ಅಂತ ಅವರು ಕೇಳುತ್ತಾರೆ. ಇದನ್ನೆಲ್ಲ ಗಮನಿಸಿಟ್ಟುಕೊಂಡು ಹೋಗಿ. ಒಂದು ವಿಷಯದಲ್ಲಿ ಮಾತ್ರ ಹುಷಾರು: ಡಾಕ್ಟರ ಚೀಟಿ ಇಲ್ಲದೆ ಮೆಡಿಕಲ್ ಸ್ಟೋರಿನಿಂದ ಸ್ಟಿರಾಯ್ಡ್ ತಂದು ನುಂಗಬೇಡಿ. ನೋವು ಮಾಯವಾದ ಹಾಗೆ ಅನ್ನಿಸುತ್ತದೆ, ಒಳಗಿನ ಕಾಯಿಲೆ ಯಾವುದು ಅಂತ ಗುರುತಿಸುವುದು ಆಮೇಲೆ ಕಷ್ಟವಾಗುತ್ತದೆ.

ಪ್ರಶ್ನೆ: ನನ್ನ 7 ವರ್ಷದ ಮಗನಿಗೆ ಟೈಪ್ 1 ಡಯಾಬಿಟಿಸ್. ಒಂದು ತಿಂಗಳ ಮೊದಲು ಜ್ವರ, ವಾಂತಿ ಆಗಿತ್ತು. ಆಗಲೇ ಚೆನ್ನಾಗಿ ನೋಡಿಕೊಂಡಿದ್ದರೆ ಇದು ತಪ್ಪುತ್ತಿತ್ತಾ?

ಇಲ್ಲ ತಾಯಿ, ತಪ್ಪುತ್ತಿರಲಿಲ್ಲ. ಈ ಕೊರಗು ಬಿಟ್ಟುಬಿಡಿ.

ಮೇದೋಜ್ಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸುವ ಬೀಟಾ ಕೋಶಗಳ ಮೇಲಿನ ದಾಳಿ, ಸಕ್ಕರೆ ಏರುವುದಕ್ಕೆ ತಿಂಗಳುಗಳ ಮೊದಲೇ, ಎಷ್ಟೋ ಸಲ ವರ್ಷಗಳ ಮೊದಲೇ ಶುರುವಾಗಿರುತ್ತದೆ. ಕಳೆದ ತಿಂಗಳ ಜ್ವರದಲ್ಲಿ ದೇಹಕ್ಕೆ ಜಾಸ್ತಿ ಇನ್ಸುಲಿನ್ ಬೇಕಾಯಿತು, ಕೊಡಲು ಕೋಶಗಳು ಉಳಿದಿರಲಿಲ್ಲ, ಆಗ ಕಾಯಿಲೆ ಹೊರಗೆ ಬಿತ್ತು. ಬಹುಶಃ ನಡೆದದ್ದು ಇಷ್ಟೇ.

ವೈರಸ್‌ಗೆ ಇದರಲ್ಲಿ ಪಾತ್ರ ಇದೆ ಅಂತ ವಿಜ್ಞಾನಿಗಳಿಗೆ ಬಲವಾದ ಅನುಮಾನ ಇದೆ. ಅನುಮಾನ ಇರುವುದು ಕರುಳಿನಲ್ಲಿ ಬೆಳೆಯುವ ಎಂಟೆರೊವೈರಸ್‌ಗಳ ಮೇಲೆ, ಅದರಲ್ಲೂ ಕಾಕ್ಸಾಕಿ ಬಿ ಮೇಲೆ. ಈ ವೈರಸ್ ಒಳಹೋಗಲು ಬಳಸುವ ಬಾಗಿಲಿನಂಥ ಪ್ರೋಟೀನ್ ಬೀಟಾ ಕೋಶಗಳಲ್ಲಿ ಇದೆ. ಟೆಡ್ಡಿ ಅನ್ನುವ ಅಂತರರಾಷ್ಟ್ರೀಯ ಅಧ್ಯಯನ ಮಕ್ಕಳನ್ನು ಹುಟ್ಟಿದಾಗಿನಿಂದ ಗಮನಿಸುತ್ತಾ ಬಂದಿದೆ. 2019ರಲ್ಲಿ ಅದರಿಂದ ಗೊತ್ತಾದದ್ದು ಏನೆಂದರೆ, ಬಂದು ಬೇಗ ಹೋಗುವ ಸೋಂಕಿಗಲ್ಲ, ಎಂಟೆರೊವೈರಸ್ ಬಿ (ಕಾಕ್ಸಾಕಿ ಬಿ ಸೇರಿದ ಗುಂಪು) ಮಗುವಿನ ಮಲದಲ್ಲಿ ದೀರ್ಘಕಾಲ ಉಳಿದುಕೊಂಡಿರುವುದಕ್ಕೂ ಬೀಟಾ ಕೋಶಗಳ ಮೇಲಿನ ದಾಳಿಗೂ ನಂಟಿದೆ. ಈ ವೈರಸ್‌ಗಳು ಎಲ್ಲ ಮಕ್ಕಳಿಗೂ ಬರುತ್ತವೆ. ಯಾವ ತಾಯಿಯೂ ತಡೆಯಲಾರಳು. ಹೋಗಲಿ, ಒಂದೇ ಜೀನ್ ಹಂಚಿಕೊಂಡ ಅವಳಿಗಳಲ್ಲೂ ಒಬ್ಬರಿಗೆ ಟೈಪ್ 1 ಬಂದರೆ ಇನ್ನೊಬ್ಬರಿಗೆ ಬಂದೇ ಬರುತ್ತದೆ ಅಂತಿಲ್ಲ.

ಈಗ ನಿಮ್ಮ ಕೈಯಲ್ಲಿರುವುದು ಇನ್ಸುಲಿನ್. ಅದನ್ನು ಯಾರ ಮಾತು ಕೇಳಿಯೂ ಒಂದು ದಿನವೂ ನಿಲ್ಲಿಸಬೇಡಿ. ಶುರುವಿನಲ್ಲಿ ಕೆಲವು ಮಕ್ಕಳಿಗೆ ಕೆಲವು ತಿಂಗಳು ಇನ್ಸುಲಿನ್ ತೀರಾ ಕಡಿಮೆ ಸಾಕಾಗುತ್ತದೆ. ಉಳಿದ ಬೀಟಾ ಕೋಶಗಳು ಸ್ವಲ್ಪ ಚೇತರಿಸಿಕೊಂಡಿರುತ್ತವೆ, ಅಷ್ಟೇ. ಇದನ್ನೇ ಕಾಯಿಲೆ ವಾಸಿಯಾಯಿತು ಅಂದುಕೊಂಡು ಔಷಧಿ ಬಿಡಿಸುವವರು ಇದ್ದಾರೆ. ಇದರಿಂದ ಮಗುವಿನ ಜೀವಕ್ಕೇ ಕುತ್ತು. ಮನೆಯಲ್ಲಿ ಇನ್ನೊಂದು ಮಗು ಇದ್ದರೆ, ರಕ್ತದಲ್ಲಿ ಬೀಟಾ ಕೋಶಗಳ ವಿರುದ್ಧದ ಆಂಟಿಬಾಡಿಗಳಿವೆಯಾ ಅಂತ ನೋಡಿಸಬಹುದಾ ಎಂದು ನಿಮ್ಮ ಡಾಕ್ಟರನ್ನು ಕೇಳಿ. ದಾಳಿ ಶುರುವಾಗಿದ್ದು ಸಕ್ಕರೆ ಕಾಯಿಲೆ ಇನ್ನೂ ಪೂರ್ತಿ ಕಾಣಿಸಿಕೊಳ್ಳದವರಿಗೆ ಅದನ್ನು ಸುಮಾರು 2 ವರ್ಷ ಮುಂದೂಡುವ ಟೆಪ್ಲಿಝುಮ್ಯಾಬ್ ಅನ್ನುವ ಔಷಧಿಗೆ ಅಮೆರಿಕದಲ್ಲಿ 2022ರಲ್ಲಿ ಒಪ್ಪಿಗೆ ಸಿಕ್ಕಿದೆ.

ಪ್ರಶ್ನೆ: ಲಸಿಕೆಯಿಂದಲೂ ಜಿಬಿಎಸ್ (ನರಗಳ ಮೇಲೆ ದಾಳಿಯಾಗಿ ಕೈಕಾಲು ಸೋಲುವ ಕಾಯಿಲೆ) ಥರದ ಕಾಯಿಲೆ ಬರುತ್ತದಂತೆ. ಹಾಗಿದ್ದರೆ ಹಾಕಿಸಿಕೊಳ್ಳದಿರುವುದೇ ವಾಸಿ ಅಲ್ವಾ?

ಈ ಪ್ರಶ್ನೆಗೆ ಮುಚ್ಚುಮರೆ ಇಲ್ಲದೆ ಉತ್ತರ ಕೊಡಬೇಕು. ಹೌದು, ಬಂದದ್ದುಂಟು. 1976ರಲ್ಲಿ ಅಮೆರಿಕದಲ್ಲಿ 4 ಕೋಟಿಗೂ ಹೆಚ್ಚು ಜನರಿಗೆ ಹಂದಿಜ್ವರದ ಲಸಿಕೆ ಹಾಕಿದರು. ಲಸಿಕೆ ಪಡೆದ ಸುಮಾರು 1 ಲಕ್ಷ ಜನರಲ್ಲಿ ಒಬ್ಬರಂತೆ ಗಿಲನ್ ಬಾರೆ ಸಿಂಡ್ರೋಮ್, ಅಂದರೆ ಜಿಬಿಎಸ್, ಹೆಚ್ಚುವರಿಯಾಗಿ ಕಾಣಿಸಿತು. ಕಾರ್ಯಕ್ರಮವನ್ನೇ ನಿಲ್ಲಿಸಿದರು. 2009ರ ಎಚ್1ಎನ್1 ಸಮಯದಲ್ಲಿ ಯುರೋಪಿನಲ್ಲಿ ಬಳಸಿದ ಒಂದು ಲಸಿಕೆಯಿಂದ ಫಿನ್‌ಲ್ಯಾಂಡ್, ಸ್ವೀಡನ್‌ನ ಕೆಲವು ಮಕ್ಕಳಿಗೆ ನಾರ್ಕೊಲೆಪ್ಸಿ ಬಂತು. ಹಗಲಿನಲ್ಲೇ ತಡೆಯಲಾಗದ ನಿದ್ದೆಗೆ ಜಾರುವ ಕಾಯಿಲೆ ಅದು. ಹೀಗೆ ತೊಂದರೆಯಾದ ಮಕ್ಕಳಲ್ಲಿ ಬಹುತೇಕ ಎಲ್ಲರಲ್ಲೂ ಒಂದೇ ಬಗೆಯ ಜೀನ್ ಇತ್ತು. ಆ ಲಸಿಕೆ ಈಗ ಬಳಕೆಯಲ್ಲಿಲ್ಲ.

ಆದರೆ ತಕ್ಕಡಿಯ ಇನ್ನೊಂದು ಕಡೆಯನ್ನೂ ನೋಡಬೇಕಲ್ವಾ? ಜಿಬಿಎಸ್ ಬಂದವರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಜನರಿಗೆ ಅದಕ್ಕೆ ಕೆಲವು ವಾರ ಮೊದಲು ಯಾವುದೋ ಸೋಂಕು ಆಗಿರುತ್ತದೆ. ಭೇದಿ ತರುವ ಕ್ಯಾಂಪಿಲೊಬ್ಯಾಕ್ಟರ್ ಅದರಲ್ಲಿ ಮುಖ್ಯ. ಅದು ವೈರಸ್ ಅಲ್ಲ, ಬ್ಯಾಕ್ಟೀರಿಯಾ. ವೈರಸ್‌ಗಳಲ್ಲಿ ಝೀಕಾ, 2013-14ರಲ್ಲಿ ಫ್ರೆಂಚ್ ಪಾಲಿನೇಷಿಯಾದಲ್ಲಿ ಅದು ಹರಡಿದ ಬೆನ್ನಿಗೇ ಜಿಬಿಎಸ್ ಪ್ರಕರಣಗಳು ಏರಿದವು. ಫ್ಲೂ ಕೂಡ ಅಷ್ಟೇ. ಈಗಿನ ಫ್ಲೂ ಲಸಿಕೆಯಿಂದ ಜಿಬಿಎಸ್ ಬಂದರೂ 10 ಲಕ್ಷಕ್ಕೆ ಒಬ್ಬಿಬ್ಬರಿಗೆ. ಫ್ಲೂ ಜ್ವರವೇ ಬಂದರೆ ಅಪಾಯ ಅದಕ್ಕಿಂತ ಜಾಸ್ತಿ. ಹಾಗಾಗಿ ಲಸಿಕೆ ಬಿಡುವುದರಿಂದ ಅಪಾಯ ತಪ್ಪುವುದಿಲ್ಲ, ಹೆಚ್ಚುತ್ತದೆ. ಹಿಂದೆ ಲಸಿಕೆ ಹಾಕಿಸಿಕೊಂಡ ಆರು ವಾರದೊಳಗೆ ಜಿಬಿಎಸ್ ಬಂದಿದ್ದವರು ಮಾತ್ರ ಮೊದಲು ಡಾಕ್ಟರ ಜೊತೆ ಮಾತಾಡಿ ತೀರ್ಮಾನಿಸಬೇಕು.

ಜಿಬಿಎಸ್‌ನ ಗುರುತು ಎಲ್ಲರಿಗೂ ಗೊತ್ತಿರಲಿ. ಜ್ವರವೋ ಭೇದಿಯೋ ಆಗಿ ಒಂದೆರಡು ವಾರಕ್ಕೆ ಪಾದ ಜುಮ್ಮೆನ್ನುತ್ತದೆ, ಕಾಲು ಸೋಲುತ್ತದೆ, ಮೆಟ್ಟಿಲು ಹತ್ತಲಾಗುವುದಿಲ್ಲ, ಬಲಹೀನತೆ ದಿನದಿಂದ ದಿನಕ್ಕೆ ಮೇಲೇರುತ್ತದೆ. ಉಸಿರಾಟದ ಸ್ನಾಯುಗಳಿಗೂ ಬರಬಹುದು. ನಾಳೆ ನೋಡೋಣ ಅನ್ನದೆ ಅದೇ ದಿನ ಆಸ್ಪತ್ರೆಗೆ ಹೋಗಿ. ಇಮ್ಯುನೊಗ್ಲಾಬ್ಯುಲಿನ್ ಡ್ರಿಪ್ ಅಥವಾ ಪ್ಲಾಸ್ಮಾ ಬದಲಿಸುವ ಚಿಕಿತ್ಸೆ ಬೇಗ ಸಿಕ್ಕಷ್ಟೂ ಒಳ್ಳೆಯದು. ಹೆಚ್ಚಿನವರು ಮತ್ತೆ ನಡೆದಾಡುತ್ತಾರೆ.

ಪ್ರಶ್ನೆ: ನನಗೆ ಲೂಪಸ್ ಇದೆ, ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ಜ್ವರ ಬರದ ಹಾಗೆ ಇಮ್ಯುನಿಟಿ ಹೆಚ್ಚಿಸುವ ಪುಡಿ ತಿನ್ನು ಅಂತ ಎಲ್ಲರೂ ಹೇಳುತ್ತಾರೆ. ತಿನ್ನಲಾ?

ಬೇಡ. ನಿಮ್ಮ ಇಮ್ಯುನಿಟಿ ಕಡಿಮೆಯಾಗಿ ಈ ಕಾಯಿಲೆ ಬಂದದ್ದಲ್ಲ, ಅದು ದಾರಿ ತಪ್ಪಿದೆ. ಅದನ್ನು ಇನ್ನಷ್ಟು ಕೆರಳಿಸುತ್ತೇವೆ ಅನ್ನುವ ಯಾವ ಪುಡಿಯೂ ನಿಮಗೆ ಬೇಕಾಗಿಲ್ಲ. ಹೇಳುವವರ ಮನಸ್ಸು ಒಳ್ಳೆಯದೇ, ಸಲಹೆ ಮಾತ್ರ ತಪ್ಪು.

ವಿಟಮಿನ್ ಡಿ ಬಗ್ಗೆ ಒಂದು ಒಳ್ಳೆಯ ಅಧ್ಯಯನ ಇದೆ. 50 ದಾಟಿದ ಸುಮಾರು 26 ಸಾವಿರ ಜನರಲ್ಲಿ ಅರ್ಧದಷ್ಟು ಜನರಿಗೆ ದಿನಕ್ಕೆ 2000 ಯೂನಿಟ್, 5 ವರ್ಷ ಕೊಟ್ಟು ನೋಡಿದಾಗ ಹೊಸದಾಗಿ ಆಟೋಇಮ್ಯೂನ್ ಕಾಯಿಲೆ ಬರುವುದು 22% ಕಡಿಮೆಯಾಯಿತು. ಆದರೆ ಅದು ಕಾಯಿಲೆ ಇನ್ನೂ ಬರದಿದ್ದವರಿಗೆ ಸಂಬಂಧಿಸಿದ್ದು. ನಿಮಗೆ ಎಷ್ಟು ಬೇಕು ಅನ್ನುವುದನ್ನು ರಕ್ತ ಪರೀಕ್ಷೆ ನೋಡಿ ಡಾಕ್ಟರೇ ಹೇಳಬೇಕು.

ಜ್ವರ ತಡೆಯಲು ನಿಮಗೆ ನಿಜವಾಗಿ ನೆರವಾಗುವುದು ಲಸಿಕೆ. ಜೀವಂತ ವೈರಸ್ ಇಲ್ಲದ ಬಗೆಯ ಫ್ಲೂ ಲಸಿಕೆ ಮತ್ತು ನ್ಯುಮೋನಿಯಾ ಲಸಿಕೆ ನಿಮ್ಮಂಥವರಿಗೆ ನಡೆಯುತ್ತವೆ. ದಡಾರ, ಸೀತಾಳೆ ಸಿಡುಬಿನ ಲಸಿಕೆಗಳಲ್ಲಿ ಜೀವಂತ ವೈರಸ್ ಇರುತ್ತದೆ, ಅವನ್ನು ಡಾಕ್ಟರನ್ನು ಕೇಳದೆ ಹಾಕಿಸಿಕೊಳ್ಳಬೇಡಿ. ಜ್ವರ ಬಂದೇಬಿಟ್ಟರೆ ಅದೇ ದಿನ ಡಾಕ್ಟರಿಗೆ ಫೋನ್ ಮಾಡಿ. ಕೆಲವು ಮಾತ್ರೆಗಳನ್ನು ಜ್ವರ ಇಳಿಯುವವರೆಗೆ ನಿಲ್ಲಿಸಬೇಕಾಗುತ್ತದೆ, ಲೂಪಸ್‌ಗೆ ಕೊಡುವ ಹೈಡ್ರಾಕ್ಸಿಕ್ಲೊರೊಕ್ವಿನ್ ಮಾತ್ರೆ ಸಾಮಾನ್ಯವಾಗಿ ಮುಂದುವರಿಯುತ್ತದೆ. ಸ್ಟಿರಾಯ್ಡ್ ತೆಗೆದುಕೊಳ್ಳುತ್ತಿದ್ದರೆ ಅದನ್ನು ಮಾತ್ರ ಯಾವ ಕಾರಣಕ್ಕೂ ನೀವಾಗಿಯೇ ಥಟ್ಟನೆ ನಿಲ್ಲಿಸಬೇಡಿ. ಜ್ವರದಲ್ಲಿ ಅದರ ಪ್ರಮಾಣ ಕೆಲವೊಮ್ಮೆ ಹೆಚ್ಚಿಸಬೇಕಾಗುತ್ತದೆ.